ಲಡ್ಡು (ಕೊಳೆತ) ಮರ, ಕುಟ್ಟೆ ಮರ, ಬಿರುಕು ಮರ: ಬಟ್ಟಲಿಗೆ ಯಾವುದು, ಒಲೆಗೆ ಯಾವುದು

ಬಡಗಿ ಬೇಡವೆಂದು ಬದಿಗೆ ತಳ್ಳಿದ ತುಂಡು ಲೇತ್ (ಮರವನ್ನು ತಿರುಗಿಸಿ ಕಡೆಯುವ ಯಂತ್ರ) ಹಿಡಿದವನಿಗೆ ಬೇಕಾಗಿರುತ್ತದೆ. ಬಾಗಿಲ ಚೌಕಟ್ಟಿಗೆ ಗಂಟು, ಸೀಳು, ಕರಿಗೆರೆ ಎಲ್ಲವೂ ದೋಷ. ಅಲಂಕಾರದ ಬಟ್ಟಲಿಗೆ ಬೆಲೆ ತರುವುದು ಅವೇ. ಹಾಗೆಂದು ಕೆಟ್ಟ ಮರವೆಲ್ಲ ಬಟ್ಟಲಾಗುವುದಿಲ್ಲ. ಸೌದೆ ಡಿಪೋದಲ್ಲಿ ಅಕ್ಕಪಕ್ಕ ಬಿದ್ದಿರುವ ಎರಡು ಕೊಳೆತ ತುಂಡುಗಳಲ್ಲಿ ಒಂದು ಪ್ರದರ್ಶನಕ್ಕೆ ಯೋಗ್ಯವಾಗಬಹುದು, ಇನ್ನೊಂದು ಲೇತ್ ಮೇಲೆ ಸಿಡಿದು ಮುಖಕ್ಕೆ ಬಡಿಯಬಹುದು. ಹೊರನೋಟಕ್ಕೆ ಎರಡೂ ಒಂದೇ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸಬರು ಮೊದಲು ಕೇಳುವುದು ಮೆತ್ತಗಾದ ಮರವನ್ನು ಗಟ್ಟಿ ಮಾಡಲು ಯಾವ ರಾಳ, ಯಾವ ಅಂಟು ಕೊಳ್ಳಬೇಕು ಎಂದು. ಅದು ಎರಡನೆಯ ಪ್ರಶ್ನೆ. ಕೊಳೆಯುತ್ತಿರುವ ಮರವನ್ನು ಯಾವ ಹಂತದಲ್ಲಿ ಎತ್ತಿ ಒಣಗಿಸಬೇಕು ಎಂಬುದು ಮೊದಲನೆಯದು. ರಾಳಕ್ಕೆ ಸುರಿಯುವ ಹಣದಲ್ಲಿ ಹೆಚ್ಚಿನ ಪಾಲು, ದಿಮ್ಮಿಯನ್ನು ಮಳೆಯಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ದಿನ ಬಿಟ್ಟದ್ದಕ್ಕೆ ತೆರುವ ದಂಡ.

ನಮ್ಮಲ್ಲಿ ಮರ ಕಡೆಯುವುದೆಂದರೆ ನೆನಪಾಗುವುದು ಚನ್ನಪಟ್ಟಣ. ಅಲ್ಲಿನ ಪದ್ಧತಿ ಈ ಕೆಲಸಕ್ಕೆ ಪೂರ್ತಿ ವಿರುದ್ಧ ದಿಕ್ಕಿನದು. ಆಲೆ ಮರವನ್ನು ಅಲ್ಲಿ ಆರಿಸುವುದೇ ಅದು ಬಿಳಿ, ನುಣುಪು, ಒಂದೇ ಸಮ ಎಂಬ ಕಾರಣಕ್ಕೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜುವ ಬಿಸಿಗೆ ಅರಗು ಕರಗಿ ಮರವನ್ನು ಮುಚ್ಚುತ್ತದೆ. ಬಣ್ಣ ಹೊರಗಿನಿಂದ ಬರುತ್ತದೆ. ದೋಷದ ಮರದಲ್ಲಿ ಬಣ್ಣ ಒಳಗೇ ಇರುತ್ತದೆ, ಅದನ್ನು ಮುಚ್ಚಿದರೆ ಕೆಲಸವೇ ವ್ಯರ್ಥ. ಈ ಎರಡನೆಯ ದಾರಿಯನ್ನು ಒಂದು ಕಲೆಯಾಗಿ ನಿಲ್ಲಿಸಿದವರಲ್ಲಿ ಅಮೆರಿಕದ ಮೆಲ್ ಲಿಂಡ್‌ಕ್ವಿಸ್ಟ್ ಮತ್ತು ಅವರ ಮಗ ಮಾರ್ಕ್ ಲಿಂಡ್‌ಕ್ವಿಸ್ಟ್ ಪ್ರಮುಖರು. ಬೂಷ್ಟು ಹಿಡಿದ ಮೇಪಲ್, ಬರ್ಚ್ ದಿಮ್ಮಿಗಳಿಂದ ಅವರು 1970ರ ದಶಕದಲ್ಲಿ ಮಾಡಿದ ಬಟ್ಟಲುಗಳ ನಂತರ, ಕಟ್ಟಿಗೆಯ ರಾಶಿಯನ್ನು ಕೆದಕಿ ಮರ ಹುಡುಕುವುದು ಅಲ್ಲಿನ ಕಡೆಸಲುಗಾರರಿಗೆ ನಾಚಿಕೆಯ ವಿಷಯವಾಗಿ ಉಳಿಯಲಿಲ್ಲ.

ಕೊಳೆತದ್ದರಲ್ಲೂ ಜಾತಿಗಳಿವೆ

ಮರವನ್ನು ತಿನ್ನುವ ಶಿಲೀಂಧ್ರಗಳಲ್ಲಿ ನಮಗೆ ಮುಖ್ಯವಾದವು ಎರಡು ಗುಂಪು. ಬಿಳಿ ಕೊಳೆ ತರುವವು ಮರದ ಎಳೆಗಳನ್ನು ಬೆಸೆಯುವ ಲಿಗ್ನಿನ್ನನ್ನು ಒಡೆಯುತ್ತವೆ. ಮರ ಬಿಳಿಚಿ, ಹಗುರಾಗಿ, ನಾರುನಾರಾಗುತ್ತದೆ. ಕಂದು ಕೊಳೆ ತರುವವು ಸೆಲ್ಯುಲೋಸನ್ನು ತಿಂದು ಲಿಗ್ನಿನ್ನನ್ನು ಹೆಚ್ಚುಕಡಿಮೆ ಹಾಗೇ ಬಿಡುತ್ತವೆ. ಮರ ಕೆಂಗಂದಾಗಿ ಅಡ್ಡಕ್ಕೂ ಉದ್ದಕ್ಕೂ ಬಿರಿದು ಚಿಕ್ಕ ಚೌಕಗಳಾಗಿ ಉದುರುತ್ತದೆ. ಬೆರಳಿನಲ್ಲಿ ತಿಕ್ಕಿದರೆ ಪುಡಿ. ಈ ಎರಡನೆಯದು ನಿಮ್ಮ ತುಂಡಿನಲ್ಲಿ ಕಂಡರೆ ಯೋಚನೆಯೇ ಬೇಡ, ಒಲೆಗೆ ಹಾಕಿ. ಅದಕ್ಕೆ ರಾಳ ಕುಡಿಸಿ ಬಟ್ಟಲು ಮಾಡಿದವರಿದ್ದಾರೆ, ಆದರೆ ಕೊನೆಗೆ ಕೈಯಲ್ಲಿ ಉಳಿಯುವುದು ಮರದ ಬಣ್ಣದ ಪ್ಲಾಸ್ಟಿಕ್.

ಬಿಳಿ ಕೊಳೆಯ ಮರದಲ್ಲಿ ಕಾಣುವ ಕಪ್ಪು ಗೆರೆಗಳಿಗೇ ಜನ ಮರುಳಾಗುವುದು. ಒಂದು ಶಿಲೀಂಧ್ರ ತನ್ನ ಜಾಗವನ್ನು ಇನ್ನೊಂದರಿಂದ ಕಾಪಾಡಿಕೊಳ್ಳಲು ಕಟ್ಟುವ ಮೆಲನಿನ್ ಎಂಬ ಕಪ್ಪು ಬಣ್ಣದ್ರವ್ಯದ ಗೋಡೆ ಅದು. ಬಟ್ಟಲನ್ನು ಕಡೆದಾಗ ಆ ಗೋಡೆಯ ಅಡ್ಡ ಸೀಳಿಕೆ ಶಾಯಿಯ ಗೆರೆಯಾಗಿ ತೋರುತ್ತದೆ. ಗೆರೆ ತಾನೇ ಗಟ್ಟಿ. ಅದರ ಎರಡು ಬದಿಗಳು ಮಾತ್ರ ಬೇರೆ ಬೇರೆ ಮಟ್ಟಿಗೆ ಮೆತ್ತಗಾಗಿರುತ್ತವೆ, ಕಡೆಯುವಾಗ ಕಾಟ ಕೊಡುವುದು ಈ ವ್ಯತ್ಯಾಸವೇ.

ಮೂರನೆಯ ಬಗೆ, ಬಣ್ಣ ಮಾತ್ರ ಬಿಡುವ ಶಿಲೀಂಧ್ರಗಳು. ರಬ್ಬರ್ ಮರವನ್ನು ಕಡಿದು ಬಿಟ್ಟರೆ ಕೆಲವೇ ದಿನಗಳಲ್ಲಿ ಬರುವ ನೀಲಿಗಪ್ಪು ಕಲೆ ಈ ಜಾತಿಯದು. ಇವು ಮರದ ಜೀವಕೋಶದಲ್ಲಿರುವ ಸಕ್ಕರೆ, ಪಿಷ್ಟವನ್ನು ತಿನ್ನುತ್ತವೆಯೇ ಹೊರತು ಮರದ ಗೋಡೆಗೆ ಅಷ್ಟಾಗಿ ಕೈ ಹಾಕುವುದಿಲ್ಲ. ಹಾಗಾಗಿ ಮರ ಗಟ್ಟಿಯಾಗಿಯೇ ಇರುತ್ತದೆ. ಕ್ಲೋರೋಸಿಬೋರಿಯಾ ಎಂಬ ಶಿಲೀಂಧ್ರ ಬಿಡುವ ನೀಲಿಹಸಿರು ಬಣ್ಣ ಎಷ್ಟು ಗಟ್ಟಿಯೆಂದರೆ, ಇಟಲಿಯಲ್ಲಿ ಐದು ಶತಮಾನಗಳ ಹಿಂದೆ ಮರದ ಚೂರು ಜೋಡಿಸಿ ಮಾಡಿದ ಚಿತ್ರಗಳಲ್ಲಿ ಹಸಿರಿಗೆ ಬಳಸಿದ್ದು ಅದು ಹತ್ತಿದ ಮರವನ್ನೇ. ಮೊದಲ ಬಟ್ಟಲು ಮಾಡುವವರಿಗೆ ನಾನು ಸೂಚಿಸುವುದು ಈ ಮೂರನೆಯ ಬಗೆಯನ್ನು, ಎಂದರೆ ಬಣ್ಣ ಇದ್ದು ಬಲ ಹೋಗದ ಮರವನ್ನು. ಕಪ್ಪು ಗೆರೆಯ ಆಸೆ ಸ್ವಲ್ಪ ತಡೆಯಲಿ.

ಪರೀಕ್ಷೆಗೆ ದುಬಾರಿ ಸಲಕರಣೆ ಏನೂ ಬೇಡ. ಗೋಣಿ ಹೊಲಿಯುವ ದಬ್ಬಳವೊಂದು ಸಾಕು. ದಿಮ್ಮಿಯ ಕತ್ತರಿಸಿದ ತುದಿಯಲ್ಲಿ ಹತ್ತಾರು ಕಡೆ ಒಂದೇ ಬಲದಿಂದ ಚುಚ್ಚಿ ನೋಡಿ. ಎಲ್ಲ ಕಡೆ ತಡೆ ಸಿಕ್ಕರೆ ನೇರವಾಗಿ ಕಡೆಯಬಹುದು. ಅಲ್ಲಲ್ಲಿ ಮೊನೆ ಒಳಗಿಳಿದು ಉಳಿದೆಡೆ ನಿಂತರೆ ಆ ಜಾಗಗಳನ್ನು ಗಟ್ಟಿ ಮಾಡಿಕೊಂಡು ಕಡೆಯಬಹುದು. ಹೆಬ್ಬೆರಳ ಉಗುರಿಗೇ ಹಳ್ಳ ಬಿದ್ದರೆ, ಇಡೀ ತುಂಡಿಗೆ ರಾಳ ಕುಡಿಸದೆ ಗತಿಯಿಲ್ಲ. ಆಮೇಲೆ ಸುತ್ತಿಗೆಯ ಹಿಡಿಯಿಂದ ತಟ್ಟಿ. ದನಿ ಒಂದೇ ಸಮ ಬಂದರೆ ಸರಿ. ಒಂದು ಕಡೆ ಟಣ್ ಎಂದು ಪಕ್ಕದಲ್ಲೇ ಬೊದ್ದೆಂದರೆ ಒಳಗೆ ಸೀಳೋ ಟೊಳ್ಳೋ ಇದೆ. ತುಂಡಿನ ಗಾತ್ರಕ್ಕೆ ಹೋಲಿಸಿದರೆ ತೂಕ ತೀರ ಹಗುರ ಅನ್ನಿಸಿದರೂ ಅದೇ ಅನುಮಾನ.

ಕುಟ್ಟೆ ಮತ್ತು ಬಿರುಕು

ಕುಟ್ಟೆ ಹುಳು ಕೊರೆದ ಮರ ಕೊಳೆತ ಮರಕ್ಕಿಂತ ಎಷ್ಟೋ ಮೇಲು, ಒಂದು ಷರತ್ತಿನ ಮೇಲೆ. ಹುಳು ಸತ್ತಿರಬೇಕು. ತೂತುಗಳ ಸುತ್ತಲಿನ ಮರ ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ, ತೂತುಗಳ ಚುಕ್ಕೆ ವಿನ್ಯಾಸ ಚೆನ್ನಾಗಿ ಕಾಣುತ್ತದೆ. ಆದರೆ ಬಟ್ಟಲು ಕಪಾಟಿಗೆ ಹೋದ ಮೇಲೆ ಕೆಳಗೆ ಹಿಟ್ಟಿನಂತಹ ಹೊಟ್ಟು ಉದುರಿದರೆ ನಿಮ್ಮ ಮನೆಯ ಬಾಗಿಲು ಕಿಟಕಿಗೂ ಆಪತ್ತು. ಹುಳು ಸಾಯಿಸಲು ಪ್ಯಾಕಿಂಗ್ ಮರಕ್ಕೆ ಬಳಸುವ ಅಂತರರಾಷ್ಟ್ರೀಯ ನಿಯಮದ ಅಳತೆ ಇಲ್ಲೂ ಉಪಯೋಗಕ್ಕೆ ಬರುತ್ತದೆ: ಮರದ ನಡುಭಾಗ 56 ಡಿಗ್ರಿ ಸೆಲ್ಸಿಯಸ್ ಮುಟ್ಟಿ 30 ನಿಮಿಷ ಹಾಗೇ ಇರಬೇಕು. ಒರಟಾಗಿ ಕಡೆದ ತೆಳು ಬಟ್ಟಲಿಗೆ ಇದು ಸುಲಭ, ಇಡೀ ದಿಮ್ಮಿಗೆ ಕಷ್ಟ. ಗಾಳಿಯ ಬಿಸಿ ಅಷ್ಟು ಇದ್ದ ಮಾತ್ರಕ್ಕೆ ಮರದ ಒಳಗೂ ಅಷ್ಟೇ ಇರುತ್ತದೆಂದು ಭಾವಿಸಬೇಡಿ. ಹೊರಗೆ ಬೋರಾಕ್ಸ್ ನೀರು ಬಳಿಯುವುದು ಹೊಸ ಹುಳು ಬರದಂತೆ ತಡೆಯಲು ಒಳ್ಳೆಯದು, ಆಳದಲ್ಲಿ ಕುಳಿತ ಹಳೆಯ ಹುಳುವನ್ನು ಅದೊಂದೇ ಮುಟ್ಟುವುದಿಲ್ಲ. ಗೆದ್ದಲು ತಿಂದ ಮರದ ಕತೆ ಬೇರೆ. ಅದು ಎಳೆಗುಂಟ ಪದರ ಪದರವಾಗಿ ಟೊಳ್ಳು ಮಾಡುವುದರಿಂದ ಉಳಿದ ಮರ ಹಾಳೆಗಳಂತೆ ಬಿಚ್ಚಿಕೊಳ್ಳುತ್ತದೆ. ನಾನು ಅದನ್ನು ಆರಿಸುವುದಿಲ್ಲ.

ಬಿರುಕಿನ ವಿಷಯದಲ್ಲಿ ನೋಡಬೇಕಾದದ್ದು ದಿಕ್ಕು. ತಿರುಳಿನಿಂದ ಹೊರಕ್ಕೆ ಹೊರಟ ಬಿರುಕು ಬಟ್ಟಲಿನ ಅಂಚಿನಲ್ಲಿ ಕೊನೆಯಾದರೆ ತುಂಬಬಹುದು, ಹೊಲಿಯಬಹುದು, ಹಾಗೇ ಬಿಡಲೂಬಹುದು. ಬೆಳವಣಿಗೆಯ ಉಂಗುರಗುಂಟ ಸುತ್ತಿ ಬಂದ ಬಿರುಕು ಅಪಾಯಕಾರಿ. ಲೇತ್ ತಿರುಗುವಾಗ ಹೊರಪದರವೇ ಕಳಚಿ ಹಾರಬಹುದು. ಮರದ ತಿರುಳು ಬಟ್ಟಲಿನೊಳಗೆ ಉಳಿಯದಂತೆ ದಿಮ್ಮಿಯನ್ನು ತಿರುಳಿನ ಮೇಲೆಯೇ ಎರಡು ಹೋಳು ಮಾಡಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಯಾವ ಮರ

ಮಾವು ಎಲ್ಲರ ಕೈಗೆಟಕುವುದು. ಶಿಲೀಂಧ್ರಕ್ಕೂ ಕುಟ್ಟೆಗೂ ಬೇಗ ಸೋಲುವ ಮರವಾದ್ದರಿಂದ ಬಡಗಿಗಳಿಗೆ ಅದರ ಮೇಲೆ ಗೌರವ ಕಡಿಮೆ. ನಮಗೆ ಅದೇ ಅನುಕೂಲ. ಹಸಿ ಮಾವಿನ ಸೊನೆ ಚರ್ಮಕ್ಕೆ ಉರಿ ತರುತ್ತದೆ, ಕೈಗವಸು ಹಾಕದೆ ದಿಮ್ಮಿ ಎತ್ತಬೇಡಿ. (ಲೇತ್ ತಿರುಗುವಾಗ ಮಾತ್ರ ಕೈಗವಸು ಬಿಚ್ಚಲೇಬೇಕು, ಅದು ಸಿಕ್ಕಿಕೊಂಡರೆ ಕೈಯೂ ಜೊತೆಗೆ ಹೋಗುತ್ತದೆ.) ಹುಣಸೆಯ ಹೊರಗಿನ ಬಿಳಿ ಭಾಗದಲ್ಲಿ ಬರುವ ಕಪ್ಪು ಗೆರೆಗಳಿಗೆ ಹೊರದೇಶದ ಮಾರುಕಟ್ಟೆಯಲ್ಲಿ ಹೆಸರಿದೆ, ಗಿಟಾರಿನ ಮೇಲ್ಪದರಕ್ಕೂ ಅದನ್ನು ಕೊಳ್ಳುತ್ತಾರೆ. ಹುಣಸೆ ಗಟ್ಟಿ ಮರ, ಉಳಿಯನ್ನು ಬೇಗ ಮೊಂಡು ಮಾಡುತ್ತದೆ. ಆದರೆ ಆ ಗಟ್ಟಿತನದಿಂದಾಗಿಯೇ ಸ್ವಲ್ಪ ಕೊಳೆತರೂ ಕೆಲಸಕ್ಕೆ ಉಳಿದಿರುತ್ತದೆ. ಮಾವು ಮತ್ತು ಹುಣಸೆ ಎರಡೂ ಸಿಕ್ಕರೆ, ಹರಿತ ಮಾಡುವ ಕಲೆ ಕೈಗೆ ಹತ್ತಿದವರು ಹುಣಸೆಯನ್ನೇ ಎತ್ತಿಕೊಳ್ಳಲಿ.

ಬೆಂಗಳೂರಿನ ರಸ್ತೆಗಳಲ್ಲಿ ಗಾಳಿಮಳೆಗೆ ಬೀಳುವ ಮಳೆಮರವನ್ನು ಹವಾಯಿಯಲ್ಲಿ ಮಂಕಿಪಾಡ್ ಎಂದು ಕರೆದು ಬಟ್ಟಲು ಮಾಡಿಯೇ ಹೆಸರು ಗಳಿಸಿದ್ದಾರೆ. ಒಣಗುವಾಗ ಅದು ಕುಗ್ಗುವುದು ಕಡಿಮೆ, ಹಸಿಯಾಗಿಯೇ ಕೊನೆಯವರೆಗೆ ಕಡೆದರೂ ಅಷ್ಟಾಗಿ ಸೊಟ್ಟಗಾಗುವುದಿಲ್ಲ. ಕಂದು ಚೇಗು, ಹಳದಿ ಬಿಳಿಯ ಹೊರಭಾಗ, ನಡುವೆ ಒಂದು ಕೊಳೆತ ಗೂಡು ಇದ್ದರೆ ಬೇರೆ ಅಲಂಕಾರ ಬೇಡ. ಹಲಸಿನ ಚೇಗು ಶಿಲೀಂಧ್ರಕ್ಕೂ ಗೆದ್ದಲಿಗೂ ಜಗ್ಗದು. ಅದರಲ್ಲಿ ಕಪ್ಪು ಗೆರೆ ಹುಡುಕಬೇಡಿ, ಬಿರುಕು ಮತ್ತು ತೊಗಟೆ ಸೇರಿದ ಗಂಟುಗಳನ್ನು ಹುಡುಕಿ. ಅದರ ಹೊಳೆಯುವ ಹಳದಿ ಬೆಳಕಿಗೆ ನಿಧಾನವಾಗಿ ಕಂದಾಗುತ್ತದೆ, ಗಿರಾಕಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊಡಗು, ಚಿಕ್ಕಮಗಳೂರಿನ ತೋಟಗಳ ಸಿಲ್ವರ್ ಓಕ್‌ನಲ್ಲಿ ಜಾಲರಿಯಂತಹ ಹೊಳಪು ಹುಟ್ಟಿನಿಂದಲೇ ಇರುತ್ತದೆ. ಹಸಿ ಮರ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ಕಿತ್ತ ಕಾಫಿ ಗಿಡದ ಬುಡಗಳು ಚಿಕ್ಕವಾದರೂ ಗಟ್ಟಿ, ಅಂಗೈ ಅಗಲದ ಬಟ್ಟಲಿಗೆ ಸಾಕು. ಗುಲ್‌ಮೊಹರ್ ಬೇಡ, ಕೊಳೆಯಲು ಶುರುವಾದರೆ ಅದಕ್ಕೆ ಮಧ್ಯದ ಹಂತವೇ ಇಲ್ಲ.

ಬೀಟೆ, ಶ್ರೀಗಂಧ, ತೇಗದಂತಹ ಮರಗಳ ಬಿದ್ದ ಕೊಂಬೆಯೇ ಆದರೂ ಅರಣ್ಯ ಇಲಾಖೆಯನ್ನು ಕೇಳದೆ ಮನೆಗೆ ತರಬೇಡಿ. ರಾಜ್ಯದಲ್ಲಿ 1976ರ ಮರ ಸಂರಕ್ಷಣಾ ಕಾಯಿದೆ ಇದೆ, ಮರ ಸಾಗಿಸಲು ಪರವಾನಗಿಯ ನಿಯಮಗಳೂ ಇವೆ. ಸಾಮಿಲ್‌ನಲ್ಲಿ ರಸೀದಿ ಸಹಿತ ಕೊಂಡರೆ ತಲೆನೋವು ಕಡಿಮೆ.

ಕೊಳೆಯಲು ಬಿಡುವುದೋ, ಕೊಳೆತದ್ದನ್ನು ಹುಡುಕುವುದೋ

ಎರಡೂ ದಾರಿಗಳಿವೆ. ಬೇಕೆಂದೇ ಕೊಳೆಸುವುದರಲ್ಲಿ ಲಾಭವೆಂದರೆ ನಿಲ್ಲಿಸುವ ಸಮಯ ನಿಮ್ಮ ಕೈಯಲ್ಲಿರುತ್ತದೆ. ತೊಗಟೆ ಸಹಿತ ದಿಮ್ಮಿಯನ್ನು ನೆರಳಿನಲ್ಲಿ, ಒಂದು ತುದಿ ಮಣ್ಣಿಗೆ ತಾಗುವಂತೆ ನಿಲ್ಲಿಸಿ, ತರಗೆಲೆ ಸುರಿದು, ಮೇಲೆ ಸಡಿಲವಾಗಿ ಪ್ಲಾಸ್ಟಿಕ್ ಹೊದಿಸಿದರೆ ನಮ್ಮ ಮಳೆಗಾಲ ಉಳಿದದ್ದನ್ನು ಮಾಡುತ್ತದೆ. ಶಿಲೀಂಧ್ರಕ್ಕೆ ಬೆಚ್ಚಗಿನ ಹವೆ, ತೇವ ಮತ್ತು ಗಾಳಿ ಮೂರೂ ಬೇಕು. ನೀರಿನಲ್ಲಿ ಪೂರ್ತಿ ಮುಳುಗಿದ ಮರ ಗಾಳಿಯಿಲ್ಲದ್ದರಿಂದ ಕೊಳೆಯುವುದಿಲ್ಲ. ಅಮೆರಿಕದ ಪುಸ್ತಕಗಳಲ್ಲಿ ಹೇಳುವ ಕಾಲಾವಧಿಯನ್ನು ಇಲ್ಲಿ ನಂಬಬೇಡಿ, ಅಲ್ಲಿ ಚಳಿಗಾಲದಲ್ಲಿ ಎಲ್ಲವೂ ನಿಂತುಬಿಡುತ್ತದೆ. ಕರಾವಳಿ, ಮಲೆನಾಡಿನ ಮಾವಿನ ದಿಮ್ಮಿಯನ್ನು ಎರಡು ಮೂರು ವಾರಕ್ಕೊಮ್ಮೆ ತುದಿಯಿಂದ ತೆಳು ಹೋಳು ಕತ್ತರಿಸಿ ದಬ್ಬಳದಿಂದ ಚುಚ್ಚಿ ನೋಡುತ್ತಿರಬೇಕು. ಗೆರೆ ಕಂಡು ಮರ ಇನ್ನೂ ತಡೆ ಕೊಡುತ್ತಿರುವಾಗಲೇ ಎತ್ತಿ. ಇನ್ನಷ್ಟು ಗೆರೆ ಬರಲಿ ಎಂಬ ದುರಾಸೆಯಲ್ಲೇ ಹೆಚ್ಚಿನ ದಿಮ್ಮಿಗಳು ಹಾಳಾಗುವುದು.

ಎತ್ತಿದ ಮೇಲೆ ತೇವಾಂಶ ಶೇ 20ಕ್ಕಿಂತ ಕೆಳಗಿಳಿದರೆ ಶಿಲೀಂಧ್ರದ ಕೆಲಸ ನಿಲ್ಲುತ್ತದೆ. ಸಾಯುತ್ತದೆ ಎಂದಲ್ಲ, ಮತ್ತೆ ನೆನೆದರೆ ಮತ್ತೆ ಏಳಬಹುದು. ಬೇಗ ಒಣಗಿಸುವ ಉಪಾಯವೆಂದರೆ ಹಸಿಯಿರುವಾಗಲೇ ಬಟ್ಟಲನ್ನು ದಪ್ಪಗೆ ಕಡೆದಿಡುವುದು. ಗೋಡೆಯ ದಪ್ಪ ಅಗಲದ ಹತ್ತನೇ ಒಂದು ಪಾಲು ಇರಲಿ, ಎಂದರೆ 10 ಅಂಗುಲದ ಬಟ್ಟಲಿಗೆ 1 ಅಂಗುಲ. ಕಾಗದದ ಚೀಲದಲ್ಲಿ ಅದೇ ಮರದ ಹೊಟ್ಟಿನ ಜೊತೆ ಇಟ್ಟು, ವಾರಕ್ಕೊಮ್ಮೆ ತೂಗಿ, ತೂಕ ಇಳಿಯುವುದು ನಿಂತ ಮೇಲೆ ಎರಡನೆಯ ಬಾರಿ ಲೇತ್‌ಗೆ ಏರಿಸಿ. ಒಂದೇ ಬಾರಿಗೆ ತೆಳ್ಳಗೆ ಕಡೆದು ಮುಗಿಸುವುದೂ ಉಂಟು. ಬಟ್ಟಲು ಒಣಗುತ್ತಾ ತನ್ನಷ್ಟಕ್ಕೆ ಸೊಟ್ಟಗಾಗುತ್ತದೆ, ಅದೂ ಚಂದವೇ. ಆದರೆ ಮೆತ್ತಗಿರುವ ಭಾಗವೂ ಗಟ್ಟಿ ಭಾಗವೂ ಒಂದೇ ರೀತಿ ಕುಗ್ಗದ ಮರದಲ್ಲಿ ಈ ಪ್ರಯೋಗ ಸೀಳಿಗೆ ಆಹ್ವಾನ. ಕೊಳೆತ ಮರಕ್ಕೆ ಎರಡು ಬಾರಿ ಕಡೆಯುವ ಕ್ರಮವೇ ಸರಿ.

ಗಟ್ಟಿ ಮಾಡುವ ದಾರಿಗಳು

ಅತಿ ಕಡಿಮೆ ಖರ್ಚಿನದು ಅರಗು. ಫ್ರೆಂಚ್ ಪಾಲಿಶ್‌ಗೆ ಬಳಸುವಂತೆ ಸ್ಪಿರಿಟ್‌ನಲ್ಲಿ ಕರಗಿಸಿ ನೀರಿನಷ್ಟು ತೆಳುವಾಗಿ ಮೆತ್ತನೆಯ ಭಾಗಕ್ಕೆ ಕುಡಿಸುವುದು, ಒಣಗಿದ ಮೇಲೆ ಹರಿತ ಉಳಿಯಿಂದ ತೆಳ್ಳಗೆ ಕೆರೆಯುವುದು, ಮತ್ತೆ ಕುಡಿಸುವುದು. ಎಳೆಗಳು ಕಿತ್ತು ಬರುವುದನ್ನು ತಡೆಯಲು ಇಷ್ಟು ಸಾಕು. ದಬ್ಬಳ ತಡೆ ಕಂಡ ಮರಕ್ಕೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ತಪ್ಪು ಮಾಡಿದರೂ ಸ್ಪಿರಿಟ್‌ನಿಂದ ತೆಗೆಯಬಹುದು ಎಂಬುದು ಇದರ ದೊಡ್ಡ ಗುಣ.

ಫೆವಿಕ್ವಿಕ್ ಜಾತಿಯ ತೆಳು ಅಂಟು ಕ್ಷಣದಲ್ಲಿ ಒಳಗಿಳಿದು ಗಟ್ಟಿಯಾಗುತ್ತದೆ. ರೂಪಾಯಿ ಅಗಲದ ಮೆತ್ತನೆ ಜಾಗ, ಕೂದಲೆಳೆಯ ಬಿರುಕು, ಸಡಿಲ ತೊಗಟೆ ಇವಕ್ಕೆ ಅದರಷ್ಟು ಚುರುಕಾದದ್ದು ಇಲ್ಲ. ಆದರೆ ಬಿಳಿ ಮರದಲ್ಲಿ ಕಲೆ ಉಳಿಸುತ್ತದೆ, ಆದ್ದರಿಂದ ಸುತ್ತ ಮೊದಲು ಅರಗು ಬಳಿದುಕೊಳ್ಳಬೇಕು. ಹತ್ತಿ ಬಟ್ಟೆಯಿಂದ ಒರೆಸಲು ಹೋಗಬೇಡಿ. ಹತ್ತಿಯೊಂದಿಗೆ ಸೇರಿದಾಗ ಅದು ಬಿಸಿಯಾಗಿ ಹೊಗೆಯಾಡುತ್ತದೆ, ಬೆರಳು ಸುಡುತ್ತದೆ. ಇಡೀ ಬಟ್ಟಲಿಗೆ ಇದನ್ನೇ ಸುರಿಯುವುದು ಹಣ ಮತ್ತು ಕಣ್ಣು ಎರಡಕ್ಕೂ ಉರಿ.

ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ರಾಳವಾದ ಎಪಾಕ್ಸಿಯ ಕೆಲಸ ಬೇರೆ. ಅದು ಮೆತ್ತನೆ ಮರಕ್ಕಿಂತ ಖಾಲಿ ಜಾಗಕ್ಕೆ ಹೇಳಿದ್ದು: ಟೊಳ್ಳು, ಅಗಲ ಸೀಳು, ಗೂಡು. ಮರ ಚೆನ್ನಾಗಿ ಒಣಗಿರಬೇಕು, ಇಲ್ಲವಾದರೆ ಅಂಚಿನಲ್ಲಿ ಬಿಟ್ಟುಕೊಳ್ಳುತ್ತದೆ. ದಪ್ಪಗೆ ಒಮ್ಮೆಲೇ ಸುರಿದರೆ ಅದರದೇ ಬಿಸಿಗೆ ನೊರೆ ಬಂದು ಬಿರಿಯುತ್ತದೆ. ಆಳದ ಗೂಡಿಗೆ ನಿಧಾನವಾಗಿ ಗಟ್ಟಿಯಾಗುವ ಜಾತಿಯನ್ನೇ ಕೊಳ್ಳಬೇಕು. ಇನ್ನೊಂದು ಮಾತು, ಜುಲೈನಲ್ಲಿ ಮಂಗಳೂರಿನಲ್ಲೋ ಸಾಗರದಲ್ಲೋ ಕುಳಿತು ಇದನ್ನು ಸುರಿಯಬೇಡಿ. ಗಾಳಿಯ ತೇವಕ್ಕೆ ಮೇಲ್ಮೈ ಮಂಜು ಕವಿದಂತೆ ಜಿಡ್ಡಾಗುತ್ತದೆ, ತೊಳೆದು ತಿಕ್ಕದೆ ಎರಡನೆಯ ಪದರ ಹಿಡಿಯುವುದಿಲ್ಲ. ಹೊಳೆಯುವ ನೀಲಿ, ಹಸಿರು ಬಣ್ಣ ಬೆರೆಸಿ ನದಿ ಮಾಡುವ ಚಾಳಿ ನನಗೆ ಹಿಡಿಸದು. ಕಣ್ಣು ಮೊದಲು ಪ್ಲಾಸ್ಟಿಕ್‌ಗೆ ಹೋಗುತ್ತದೆ, ಆಮೇಲೆ ಮರಕ್ಕೆ. ಸಣ್ಣ ಬಿರುಕಿಗೆ ಎಪಾಕ್ಸಿಯೊಡನೆ ಒಣ ಕಾಫಿ ಪುಡಿ ಕಲಸಿ ತುಂಬಿದರೆ ಶಿಲೀಂಧ್ರದ ಗೆರೆಗೆ ಹೊಂದುವ ಕಪ್ಪು ಸಿಗುತ್ತದೆ.

ಕೊನೆಯದು ನಿರ್ವಾತದ ವಿಧಾನ. ಮರವನ್ನು 105 ಡಿಗ್ರಿ ಆಸುಪಾಸಿನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಓವನ್‌ನಲ್ಲಿ ಒಣಗಿಸಿ, ಗಾಳಿಯಾಡದ ಚೀಲದಲ್ಲಿ ತಣಿಸಿ, ಬಿಸಿಗೆ ಗಟ್ಟಿಯಾಗುವ ತೆಳು ರಾಳದಲ್ಲಿ ಮುಳುಗಿಸಿ, ಪಂಪಿನಿಂದ ಗಾಳಿ ಎಳೆಯುತ್ತಾರೆ. ಗುಳ್ಳೆ ಬರುವುದು ನಿಂತ ಮೇಲೆ ಗಾಳಿ ಬಿಟ್ಟರೆ ಅದರ ಒತ್ತಡಕ್ಕೆ ರಾಳ ಮರದೊಳಗೆ ನುಗ್ಗುತ್ತದೆ. ಅಲ್ಲೇ ಸಾಕಷ್ಟು ಹೊತ್ತು ನೆನೆಯಲು ಬಿಟ್ಟು, ಆಮೇಲೆ ಅಲ್ಯೂಮಿನಿಯಂ ಹಾಳೆ ಸುತ್ತಿ ಮತ್ತೆ ಬಿಸಿ ಮಾಡಬೇಕು. ಅಡುಗೆಮನೆಯ ಓವನ್ ಇದಕ್ಕೆ ಬೇಡವೇ ಬೇಡ. ಉಗುರಿಗೆ ಹಳ್ಳ ಬೀಳುವ ಮರವನ್ನೂ ಈ ವಿಧಾನ ಉಳಿಸುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ದೊಡ್ಡ ತೂತು ಮುಚ್ಚುವುದಿಲ್ಲ, ಅದಕ್ಕೆ ಮತ್ತೆ ಎಪಾಕ್ಸಿ ಬೇಕು. ಪಂಪು, ಪಾತ್ರೆ, ಪ್ರತ್ಯೇಕ ಓವನ್, ರಾಳ ಎಲ್ಲ ಸೇರಿದ ಖರ್ಚು ವರ್ಷಕ್ಕೆ ನಾಲ್ಕು ಬಟ್ಟಲು ಮಾಡುವವರಿಗೆ ಹೊರಲಾರದ ಭಾರ. ಪೆನ್ನು, ಚಾಕುವಿನ ಹಿಡಿಯಂತಹ ಸಣ್ಣ ವಸ್ತುಗಳನ್ನು ರಾಶಿಯಾಗಿ ಮಾಡಿ ಮಾರುವವರು ಕೊಳ್ಳಲಿ. ಉಳಿದವರು ಮರವನ್ನು ಬೇಗ ಎತ್ತುವುದು ಕಲಿತರೆ ಅರಗು ಮತ್ತು ತೆಳು ಅಂಟಿನಲ್ಲೇ ದಾಟಿಕೊಳ್ಳಬಹುದು.

ಲೇತ್ ಮೇಲೆ, ಕಪಾಟಿನಲ್ಲಿ

ಬಟ್ಟಲಿನ ಅಗಲವನ್ನು ಅಂಗುಲದಲ್ಲಿ ಅಳೆದು ನಿಮಿಷದ ಸುತ್ತುಗಳಿಂದ ಗುಣಿಸಿದರೆ 6000ದಿಂದ 9000ದ ನಡುವೆ ಬರಬೇಕು ಎಂಬುದು ಕಡೆಸಲುಗಾರರ ಹಳೆಯ ಲೆಕ್ಕ. 10 ಅಂಗುಲಕ್ಕೆ 600ರಿಂದ 900 ಸುತ್ತು. ಅದು ಗಟ್ಟಿ ಮರದ ಲೆಕ್ಕ. ದೋಷದ ಮರಕ್ಕೆ ಅದಕ್ಕೂ ಕೆಳಗಿನಿಂದ ಶುರು ಮಾಡಿ, ಮೊದಲ ಸುತ್ತುಗಳಲ್ಲಿ ಬಟ್ಟಲಿನ ನೇರಕ್ಕೆ ನಿಲ್ಲಬೇಡಿ. ಚಕ್ (ಲೇತ್‌ನಲ್ಲಿ ಮರವನ್ನು ಕಚ್ಚುವ ಹಿಡಿತ) ಹಿಡಿಯುವ ಭಾಗ ಎಂದಿಗೂ ಮೆತ್ತನೆ ಮರದಲ್ಲಿ ಬೇಡ. ಗಟ್ಟಿ ಮರದ ಬಿಲ್ಲೆಯೊಂದನ್ನು ತಳಕ್ಕೆ ಅಂಟಿಸಿ ಅದನ್ನು ಹಿಡಿಸಿ. ಮುಖಕ್ಕೆ ಪೂರ್ತಿ ಮುಚ್ಚುವ ಗುರಾಣಿ, ಮೂಗಿಗೆ ಒಳ್ಳೆಯ ಮಾಸ್ಕ್ ಕಡ್ಡಾಯ. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಇಲ್ಲಿ ಅದರ ಜೊತೆ ಶಿಲೀಂಧ್ರದ ಬೀಜಾಣುಗಳೂ ಇವೆ. ಆಸ್ತಮಾ ಇದ್ದವರು ಬಿರುಕಿನ ಹಲಸನ್ನು ಆರಿಸಿಕೊಳ್ಳಲಿ, ಕೊಳೆತ ಮಾವನ್ನಲ್ಲ.

ಊಟಕ್ಕೋ ನೋಟಕ್ಕೋ ಎಂಬುದನ್ನು ಮರ ಆರಿಸುವಾಗಲೇ ತೀರ್ಮಾನಿಸಿ. ತೂತು, ಸೀಳು ಇರುವ ಬಟ್ಟಲಿನಲ್ಲಿ ಸಾರು ಪಲ್ಯ ಬೇಡ. ಒಳಗೆ ಸೇರಿದ್ದನ್ನು ತೊಳೆಯಲಾಗುವುದಿಲ್ಲ. ಸಿಪ್ಪೆ ಇರುವ ಹಣ್ಣು, ಬೀಗದ ಕೈಗೊಂಚಲು ಇಡಲು ಅಡ್ಡಿಯಿಲ್ಲ. ಎಣ್ಣೆ ಬಳಿಯುವುದಾದರೆ ಅಗಸೆ ಎಣ್ಣೆ ಸರಿ, ಅದು ಗಾಳಿಗೆ ಒಣಗಿ ಪದರವಾಗುತ್ತದೆ. ಮನೆಯಲ್ಲಿದೆ ಎಂದು ಕೊಬ್ಬರಿ ಎಣ್ಣೆ ಸವರಿದರೆ ಅದು ಒಣಗದೆ ಜಿಡ್ಡಾಗಿ ಕಮಟು ಹಿಡಿಯುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹೊರಗೆ ಹಗ್ಗದ ಮೇಲೆ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಅದ್ದಿಡಿ.